ಮೆಲಾಕಾಕ್ಕೆ ಬಂದು ಹೋದೆನೆಂದು ದಯಮಾಡಿ ಒಪ್ಪಿಕೊಳ್ಳಿ

ಉತ್ತರ ದಿಕ್ಕಿನ ಒಡೆಯರೂ, ಮಫ್ಲರು ಸ್ವೆಟರುಗಳ ಅನ್ನದಾತರೂ, ನೆಗಡಿಯ ಕುಲಗುರುಗಳೂ ಆದ ಶ್ರೀಮನ್ಮಹಾ ಚಳಿಗಾಲದವರ ಶೀತಲ ಸನ್ನಿಧಿಗೆ,

ಮಾನ್ಯರೇ,

ತಾವು ತಮ್ಮ ಊರಿನಲ್ಲಿ ಹಿಮ-ಕ್ಷೇಮವಾಗಿರುವಿರೆಂದು ನಂಬಿ, ನಾವು ಇಲ್ಲಿ ಬೆವರಿನಲ್ಲಿ ಮಿಂದು ಸುಕ್ಷೇಮವಾಗಿದ್ದೇವೆಂದು ಅರಿಕೆ ಮಾಡಿಕೊಳ್ಳುತ್ತಾ, ಮಲೇಷ್ಯಾದ ಮೆಲಾಕಾ ಪಟ್ಟಣದ ಹೊರವಲಯದಲ್ಲಿರುವ ನಮ್ಮ ಗಾಲ್ಫ್ ಕ್ಲಬ್ಬಿನ ಹುಲ್ಲು ಸಮಿತಿಯ ಗೌರವ ಕಾರ್ಯದರ್ಶಿಯಾದ ನಾನು, ತಮ್ಮ ಮೇಲೆ ಒಂದು ದೂರನ್ನೂ ತಮ್ಮಲ್ಲಿ ಒಂದು ಬೇಡಿಕೆಯನ್ನೂ ಏಕಕಾಲಕ್ಕೆ ಸಲ್ಲಿಸಲು ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ದೂರು ಏನೆಂದರೆ, ತಾವು ಬರಲಿಲ್ಲ. ಬೇಡಿಕೆ ಏನೆಂದರೆ, ಯಾರಾದರೂ ಕೇಳಿದರೆ ಬಂದಿದ್ದೆನೆಂದು ಹೇಳಬೇಕು. ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲವೆಂದು ತಮಗೆ ಅನ್ನಿಸಿದರೆ ದಯವಿಟ್ಟು ಪೂರ್ತಿ ಓದಿ. ಓದಿದ ಮೇಲೂ ಹೊಂದುವುದಿಲ್ಲ, ಆದರೆ ಅಷ್ಟು ಹೊತ್ತಿಗೆ ಅಭ್ಯಾಸವಾಗಿರುತ್ತದೆ.

ತಮಗೂ ನನಗೂ ಹೆಚ್ಚಿನ ಮುಖಪರಿಚಯವಿಲ್ಲ. ಉಡುಪಿಯಲ್ಲಿ ಬೆಳೆದವನಿಗೆ ತಾವು ದೂರದ ನೆಂಟರು. ಡಿಸೆಂಬರಿನಲ್ಲಿ ಒಂದೆರಡು ಬೆಳಗು ಹೊಸಿಲಿನ ಆಚೆ ನಿಂತು ಕೆಮ್ಮಿ, ಕಾಫಿಯನ್ನೂ ಕುಡಿಯದೆ ಹೊರಟುಹೋಗುವವರು. ಮೆಲಾಕಾದಲ್ಲಿ ಅಷ್ಟೂ ಇಲ್ಲ. ಇಲ್ಲಿ ಇರುವುದು ಎರಡೇ ಋತು: ಮಳೆಗೆ ಮುಂಚಿನ ಸೆಕೆ, ಮಳೆಯ ನಂತರದ ಸೆಕೆ. ನಾನು ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಪಾಠ ಹೇಳುವವನು. ನರಗಳ ಬಗ್ಗೆ ಓದಿದವನಿಗೆ ಬೇರುಗಳ ಬಗ್ಗೆಯೂ ತಿಳಿದಿರಬಹುದೆಂಬ ಊಹೆಯ ಮೇಲೆ ಕ್ಲಬ್ಬಿನವರು ನನ್ನನ್ನು ಹುಲ್ಲು ಸಮಿತಿಗೆ ಹಾಕಿದರು. ಗಾಲ್ಫಿನಲ್ಲಿ ನನ್ನ ಪ್ರಾವೀಣ್ಯವಿರುವುದು ಚೆಂಡನ್ನು ಹೊಡೆಯುವುದರಲ್ಲಲ್ಲ, ಹುಡುಕುವುದರಲ್ಲಿ; ಹಾಗಾಗಿ ಈ ಮೈದಾನದ ಹುಲ್ಲಿನೊಳಗೆ ನನ್ನಷ್ಟು ಆಳವಾಗಿ ಇಳಿದ ಸದಸ್ಯ ಇನ್ನೊಬ್ಬನಿಲ್ಲ ಎಂಬುದು ಸುಳ್ಳಲ್ಲ.

ತಮ್ಮ ಹೆಸರು ನಮ್ಮ ಬಾಯಿಗೆ ಬಂದದ್ದು ಹೋದ ವರ್ಷ, ಅಂದರೆ ತೊಂಬತ್ತೇಳರಲ್ಲಿ, ಇಲ್ಲಿನ ಹಣವಾದ ರಿಂಗಿಟ್ಟಿನ ಬೆಲೆ ಜಾರಿಬಿದ್ದಾಗ. ನಮ್ಮ ಕ್ಲಬ್ಬಿನ ಮಾಲೀಕರೂ ಅದರ ಜೊತೆಗೇ ಜಾರಿ, ಕ್ಲಬ್ಬನ್ನು ಉತ್ತರ ದೇಶದ ಒಂದು ಕಂಪನಿಗೆ ಮಾರಿಬಿಟ್ಟರು. ಕಂಪನಿಯ ಹೆಸರನ್ನು ಬರೆದರೆ ಅದರ ವಕೀಲರು ಬಿಸಿಯಾಗುತ್ತಾರೆ; ಕಂಪನಿ ಎಂದಷ್ಟೇ ಕರೆಯುತ್ತೇನೆ. ಅದರ ಉಳಿದ ಮೈದಾನಗಳೆಲ್ಲ ತಮ್ಮ ಆಳ್ವಿಕೆಗೆ ಸೇರಿದ ಸೀಮೆಯಲ್ಲಿವೆ. ವರ್ಷದಲ್ಲಿ ಐದಾರು ತಿಂಗಳು ತಾವು ಅವುಗಳ ಮೇಲೆ ಬಿಳಿ ಚಾದರ ಹೊದ್ದು ಮಲಗುವಿರೆಂದೂ, ಅಲ್ಲಿನ ಕೆಲಸಗಾರರು ತಮ್ಮ ಸ್ವಾಗತಕ್ಕಾಗಿ ಶರತ್ಕಾಲವಿಡೀ ದುಡಿಯುವರೆಂದೂ ಆಮೇಲೆ ತಿಳಿಯಿತು.

ಅನಾಹುತದ ಬೀಜ ಬಿದ್ದದ್ದು ಸೆಪ್ಟೆಂಬರಿನಲ್ಲಿ. ಸಮುದ್ರದಾಚೆಯ ಕಾಡುಗಳು ಉರಿದು, ಅದರ ಹೊಗೆ ಈ ದೇಶದ ಮೇಲೆ ಕವುಚಿಕೊಂಡು, ಎದುರು ಮನೆಯವರು ಎದುರಿಗೆ ಬಂದರೂ ಕಾಣದಿದ್ದ ವಾರಗಳವು. ನಮ್ಮ ಮ್ಯಾನೇಜರ್ ಲಿಮ್, ಹೊಸ ಮಾಲೀಕರು ಕೇಳಿದರೆಂದು, ಮೈದಾನದ ಒಂದು ಫೋಟೊ ತೆಗೆಸಿ ಕಳಿಸಿದರು. ಮರಗಳೆಲ್ಲ ಬೂದುಬಣ್ಣದಲ್ಲಿ ಕರಗಿಹೋಗಿದ್ದ ಆ ಚಿತ್ರವನ್ನು ನೋಡಿ ಕಂಪನಿಯವರು, ‘ನಿಮ್ಮಲ್ಲಿ ಆಗಲೇ ಮಂಜು ಇಳಿಯತೊಡಗಿದೆ, ಚಳಿಗಾಲದ ಸಿದ್ಧತೆಯನ್ನು ತಡಮಾಡಬೇಡಿ’ ಎಂದು ಉತ್ತರಿಸಿದರು. ಅದು ಮಂಜಲ್ಲ, ಹೊಗೆ ಎಂದು ಲಿಮ್ ವಿನಯದಿಂದ ತಿದ್ದಿದರು. ಹೊಗೆ ಏಳುವಷ್ಟು ಬೆಂಕಿ ಕಾಯಿಸಿಕೊಳ್ಳುತ್ತಿದ್ದೀರೆಂದರೆ ಚಳಿ ಇನ್ನೆಷ್ಟಿರಬೇಕು ಎಂದು ಅವರು ಮರುಗಿದರು. ಲಿಮ್ ಮತ್ತೆ ಬರೆಯಲಿಲ್ಲ. ಮೇಲಿನವರು ಹೇಳಿದರೆ ಕೆಳಗಿನವರು ನಡುಗಬೇಕು, ಅದಕ್ಕೆ ಚಳಿಯೇ ಆಗಬೇಕೆಂದಿಲ್ಲ ಎಂಬುದು ಅವರ ಮೂವತ್ತು ವರ್ಷದ ಸರ್ವೀಸಿನ ಸಾರ.

ನವೆಂಬರಿನಲ್ಲಿ ಕ್ಲಾಂಗ್ ಬಂದರಿನಿಂದ ಒಂದು ಕಂಟೇನರ್ ಬಂತು. ಅದರೊಳಗೆ ಗ್ರೀನುಗಳಿಗೆ, ಅಂದರೆ ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲಿನ ಅಂಗಳಗಳಿಗೆ, ಹೊದಿಸಲು ಆನೆಯ ಚರ್ಮದಷ್ಟು ದಪ್ಪದ ಕಂಬಳಿಗಳಿದ್ದವು. ಮರಗಳಿಗೆ ಸುತ್ತಲು ಗೋಣಿಯ ಸುರುಳಿಗಳಿದ್ದವು. ಹಿಮ ಬಾಚುವ ಅಗಲವಾದ ಸಲಿಕೆಗಳೂ, ಕಿವಿಗಳ ಮೇಲೆ ಇಳಿಬೀಳುವ ಉಣ್ಣೆಯ ಟೋಪಿಗಳೂ ಇದ್ದವು. ಮನೆಯಲ್ಲಿ ನಾನು ಈ ಸುದ್ದಿ ಹೇಳಿದಾಗ, ಕನ್ನಡದಲ್ಲಿ ಕೇಳಿಸಿಕೊಂಡು, ಇಲ್ಲಿನವರಂತೆ ಮಾತಿನ ಕೊನೆಗೊಂದು ‘ಲಾ’ ಅಂಟಿಸಿ ಇಂಗ್ಲಿಷಿನಲ್ಲಿ ಉತ್ತರಿಸುವ ನನ್ನ ಮಗಳು ಅಮೂಲ್ಯಾ, ‘ಅಪ್ಪಾ, ಡೋಂಟ್ ದೇ ಹ್ಯಾವ್ ಎ ಮ್ಯಾಪ್ ಲಾ?’ ಎಂದಳು. ಮ್ಯಾಪಿದೆ ಮಗಳೇ, ಆದರೆ ಅದರಲ್ಲಿ ಸೆಕೆಯನ್ನು ಬರೆಯುವುದಿಲ್ಲ ಎಂದೆ.

ಮಾನ್ಯರೇ, ಇನ್ನು ನಮ್ಮ ಕೆಲಸಗಾರರನ್ನು ತಮಗೆ ಪರಿಚಯಿಸಬೇಕು, ಏಕೆಂದರೆ ತಾವು ಬಾರದೆ ಹೋದದ್ದರ ಪೆಟ್ಟು ಬಿದ್ದದ್ದು ಇವರಿಗೆ. ಮೇಸ್ತ್ರಿಯ ಹೆಸರು ಚಾಮಯ್ಯ. ಅವನ ಅಜ್ಜ ಕೊಳ್ಳೇಗಾಲದ ಕಡೆಯಿಂದ ಇಲ್ಲಿನ ರಬ್ಬರು ತೋಟಕ್ಕೆ ಬಂದವರು. ಮೊಮ್ಮಗನ ಕನ್ನಡಕ್ಕೆ ತಮಿಳಿನ ಒಗ್ಗರಣೆಯೂ ಮಲಯ್ ಭಾಷೆಯ ಉಪ್ಪಿನಕಾಯಿಯೂ ಬಿದ್ದಿವೆ. ಕಳೆ ಕೀಳುವ ಹೆಂಗಸರ ಮುಖಂಡಳು ರತ್ನಮ್ಮ, ಚಾಮಯ್ಯನ ಅಕ್ಕ. ಅವಳು ಕೈಯಿಂದ ಕಳೆ ಕಿತ್ತರೆ ನಾಲಿಗೆಯಿಂದ ಬೆಳೆಯನ್ನೂ ಕೀಳಬಲ್ಲಳು. ಹುಲ್ಲು ಕತ್ತರಿಸುವ ಯಂತ್ರವನ್ನು ನಡೆಸುವವರು ಪಾಕ್ ಮಾನ್, ಮಾತಿಗಿಂತ ಬೀಡಿಯನ್ನು ಹೆಚ್ಚು ನಂಬಿದ ಹಿರಿಯರು. ಇವರೂ ಇನ್ನೂ ಕೆಲವರೂ ಮೈದಾನದ ಹಿಂದಿರುವ ಕ್ಲಬ್ಬಿನ ಮನೆಗಳಲ್ಲೇ ಸಂಸಾರ ಹೂಡಿದ್ದಾರೆ.

ಇವರು ತಮ್ಮ ಸ್ವಾಗತಕ್ಕೆ ಮಾಡಿದ ಸಿದ್ಧತೆಯನ್ನು ತಾವು ಕಣ್ಣಾರೆ ನೋಡಬೇಕಿತ್ತು. ನೀರು ಹೆಪ್ಪುಗಟ್ಟಿ ಕೊಳವೆಗಳು ಒಡೆಯಬಾರದೆಂದು ಅವುಗಳೊಳಗಿನ ನೀರನ್ನೆಲ್ಲ ಗಾಳಿ ಊದಿ ಹೊರಹಾಕಿದರು. ಅಂದಿನಿಂದ ಸ್ಪ್ರಿಂಕ್ಲರುಗಳು ತಿರುಗಿದರೂ ನೀರಿನ ಬದಲು ನಿಟ್ಟುಸಿರು ಬಿಟ್ಟವು. ತೆಂಗಿನ ಮರಗಳಿಗೆ ಸೊಂಟದವರೆಗೆ ಗೋಣಿ ಸುತ್ತಿದಾಗ ಅವು ಕಚ್ಚೆಯುಟ್ಟು ಕುಸ್ತಿಗೆ ನಿಂತಂತೆ ಕಂಡವು. ಕಿವಿಟೋಪಿ ಹಾಕಿಕೊಂಡ ಪಾಕ್ ಮಾನ್ ಬೆವರಿನ ಧಾರೆಯ ನಡುವಿನಿಂದ ಲಿಮ್ ಅವರನ್ನು ದಿಟ್ಟಿಸಿ, ‘ಪಾನಾಸ್ ಲಾ, ಬಾಸ್’ ಎಂದರು. ಸೆಕೆ ಎಂದರ್ಥ. ವಾರವೆಲ್ಲ ಅವರು ಆಡಿದ ಮಾತು ಅದೊಂದೇ. ಒಂಬತ್ತನೆಯ ಗ್ರೀನಿಗೆ ಕಂಬಳಿ ಹೊದಿಸಿದ ದಿನ ರತ್ನಮ್ಮ ಅದರ ಅಂಚನ್ನು ಎತ್ತಿ ಒಳಗೆ ಇಣುಕಿ, ‘ಸತ್ತೋರ್ಗೂ ಇಷ್ಟು ದಪ್ಪ ಹೊದ್ಸಲ್ಲ, ಡಾಕ್ಟ್ರೆ. ಇದು ಬದ್ಕಿರೋ ಹುಲ್ಲು. ಉಸ್ರು ಕಟ್ಟಲ್ವಾ?’ ಎಂದು ಕೇಳಿದಳು. ಸಮಿತಿಯ ಪರವಾಗಿ ನಾನು ಗಂಭೀರವಾಗಿ ತಲೆಯಾಡಿಸಿದೆ. ನನ್ನ ತಲೆಯಾಡಿಕೆಗೆ ಹೌದು, ಇಲ್ಲ ಎಂಬ ಎರಡೂ ಅರ್ಥವಿರುವುದು ಈ ದೇಶದಲ್ಲಿ ನನ್ನನ್ನು ಹಲವು ಸಲ ಕಾಪಾಡಿದೆ.

ಇದರ ಮೇಲೆ ಕಂಪನಿಯ ಹಿಮದ ನಿಯಮವೊಂದಿತ್ತು. ಬೆಳಿಗ್ಗೆ ಹುಲ್ಲಿನ ಮೇಲಿನ ಹಿಮ ಕರಗಿತೆಂದು ಮೇಸ್ತ್ರಿ ಘೋಷಿಸುವ ತನಕ ಯಾರೂ ಮೈದಾನಕ್ಕೆ ಕಾಲಿಡಬಾರದು. ಹಿಮವೇ ಬೀಳದ ಊರಿನಲ್ಲಿ ಅದು ಕರಗುವುದಾದರೂ ಹೇಗೆಂದು ಸದಸ್ಯರು ಬಿಸಿಬಿಸಿ ಚರ್ಚೆ ನಡೆಸಿದರು. ಚಾಮಯ್ಯ ಮಾತ್ರ ಪ್ರತಿದಿನ ಬಗ್ಗಿ, ಹುಲ್ಲನ್ನು ಸವರಿ, ಎದ್ದು ನಿಂತು ‘ಕರಗ್ತು ಲಾ, ಹೋಗಿ ಆಡಿ’ ಎಂದು ಅಪ್ಪಣೆ ಕೊಡುತ್ತಿದ್ದ. ದಿನವೂ ಚಪ್ಪಾಳೆ ಬೀಳುತ್ತಿತ್ತು. ಈ ಒಂದು ಕೆಲಸಕ್ಕಾಗಿ ತಾವು ಅವನಿಗೆ ಋಣಿಯಾಗಿರಬೇಕು: ತಾವು ಬಾರದಿದ್ದರೂ ತಮ್ಮನ್ನು ಅವನಷ್ಟು ಮರ್ಯಾದೆಯಿಂದ ಕಳಿಸಿಕೊಟ್ಟವರು ಭೂಮಿಯ ಮೇಲೆ ಬೇರೆ ಯಾರೂ ಇರಲಾರರು.

ಇಲ್ಲಿಯವರೆಗೆ ನಗಬಹುದಿತ್ತು. ಜನವರಿಯ ಕೊನೆಯಲ್ಲಿ ಚೀನೀ ಹೊಸವರ್ಷವೂ, ಇಲ್ಲಿನವರು ಹರಿರಾಯ ಎನ್ನುವ ರಂಜಾನ್ ಹಬ್ಬವೂ ಒಂದೇ ವಾರದಲ್ಲಿ ಮುಗಿದ ಮೇಲೆ, ಲಿಮ್ ಕೆಲಸಗಾರರನ್ನೆಲ್ಲ ಶೆಡ್ಡಿನ ಮುಂದೆ ಸೇರಿಸಿ, ಅಷ್ಟು ದಿನ ಹೇಳಲಾರದೆ ನುಂಗಿಕೊಂಡಿದ್ದ ಮಾತೊಂದನ್ನು ಹೇಳಿದರು. ಕಂಪನಿಯ ಪದ್ಧತಿಯ ಪ್ರಕಾರ, ಸಿದ್ಧತೆ ಮುಗಿದ ಕೂಡಲೇ ಕೆಲಸಗಾರರಿಗೆ ಸಂಬಳವಿಲ್ಲದ ವಿಶ್ರಾಂತಿ. ಹಿಮ ಕರಗಿದ ಮೇಲೆ ಮತ್ತೆ ಕರೆ. ಬೆಂಕಿಗೂಡಿಲ್ಲದ ಮನೆಯಲ್ಲಿ ಯಾರೂ ಚಳಿಗಾಲವನ್ನು ಕಳೆಯಕೂಡದೆಂಬ ಕನಿಕರದಿಂದ ಆ ಮನೆಗಳಿಗೂ ಅಲ್ಲಿಯವರೆಗೆ ಬೀಗ. ಉತ್ತರದಲ್ಲಿ ಇದು ನ್ಯಾಯವೇ ಇರಬಹುದು. ಅಲ್ಲಿ ತಾವು ಹೇಳಿದ ಹೊತ್ತಿಗೆ ಬಂದು, ಹೇಳಿದ ಹೊತ್ತಿಗೆ ಹೋಗುವ ಪ್ರಾಮಾಣಿಕರು. ಇಲ್ಲಿ ತಾವು ಬರುವವರಲ್ಲ; ಬಾರದವರು ಹೋಗುವಂತಿಲ್ಲ; ತಾವು ಹೋಗುವ ತನಕ ಇವರು ಬರುವಂತಿಲ್ಲ. ಅಂಗರಚನೆಯಲ್ಲಿ ಬಾಲವಿಲ್ಲದ ಪ್ರಾಣಿಯ ಬಾಲ ಹಿಡಿದು ಹೊಳೆ ದಾಟುವುದೆಂದರೆ ಇದೇ.

ಅಂದು ಸಂಜೆ ಚಾಮಯ್ಯ, ರತ್ನಮ್ಮ, ಪಾಕ್ ಮಾನ್ ಮೂವರೂ ರಸ್ತೆಯ ತಿರುವಿನಲ್ಲಿ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಯಲ್ಲಿ ನನ್ನನ್ನು ಕೂರಿಸಿ, ಚಹಾ ಕುಡಿಸಿ, ವಿಚಾರಣೆ ನಡೆಸಿದರು.

‘ಡಾಕ್ಟ್ರೆ, ನೀವು ಓದ್ದೋರು. ಈ ವಿಂಟರ್ ಅನ್ನೋನು ಬಂದ್ರೆ ತಾನೆ ಹೋಗೋದು? ಬರ್ದೇ ಇರೋನ್ಗೆ ಹೋಗಪ್ಪಾ ಅಂತ ಹ್ಯಾಗೆ ಲಾ ಹೇಳೋದು?’ ಎಂದ ಚಾಮಯ್ಯ.

‘ದಿನಾ ಬೆಳಿಗ್ಗೆ ನೀನೇ ಅಲ್ವೇನೋ ಕರಗ್ತು ಕರಗ್ತು ಅಂತ ಕೂಗ್ತಿದ್ದೋನು?’ ಎಂದು ರತ್ನಮ್ಮ ತಮ್ಮನನ್ನು ತಿವಿದಳು. ‘ಇನ್ನೊಂದ್ಸಲ ಗಟ್ಟಿಯಾಗಿ ಕೂಗು, ಆ ಕಂಪ್ನಿಯೋರ್ಗೆ ಕೇಳ್ಸೋ ಹಾಗೆ. ನಾನಂತೂ ಮನೆ ಬೀಗದ ಕೈ ಕೊಡಲ್ಲ. ಬೆಂಕಿಗೂಡು ಬೇಕಂದ್ರೆ ನನ್ನ ಹೊಟ್ಟೇಲೇ ಉರೀತಾ ಇದೆ, ಬಂದು ಕಾಯ್ಸಿಕೊಳ್ಳಲಿ.’

ನಾನು ತಲೆಯಾಡಿಸಿದೆ. ಈ ಸಲ ಅದು ಯಾರನ್ನೂ ಕಾಪಾಡಲಿಲ್ಲ.

ಮರುದಿನ ನಾನು ಲಿಮ್ ಅವರಲ್ಲಿ ಹೋಗಿ, ಚಳಿಗಾಲ ಬಂದು ಹೋಯಿತೆಂದು ಒಂದು ಸಾಲು ಬರೆದುಬಿಡಿ ಎಂದು ಅಂಗಲಾಚಿದೆ. ಲಿಮ್ ಸುಳ್ಳು ಬರೆಯುವವರಲ್ಲ. ಅವರ ಪ್ರಾಮಾಣಿಕತೆ ಎಷ್ಟು ಗಟ್ಟಿಯೆಂದರೆ, ಅದರ ಮೇಲೆ ನಡೆದರೆ ಕಾಲು ಜಾರುತ್ತದೆ. ಆದರೆ ಅವರ ಮನಸ್ಸು ಕಲ್ಲಲ್ಲ. ಬಹಳ ಹೊತ್ತು ಫ್ಯಾನನ್ನೇ ನೋಡುತ್ತಿದ್ದು, ಕಂಪನಿಯಲ್ಲೊಂದು ಸಂಪ್ರದಾಯವಿದೆ ಎಂದರು: ಪ್ರತಿಯೊಂದು ಮೈದಾನದವರೂ ಮೊದಲ ಹಿಮದ ದಿನ ಒಂದು, ಕೊನೆಯ ಹಿಮದ ದಿನ ಒಂದು ಫೋಟೊ ತೆಗೆದು ಕಳಿಸುತ್ತಾರೆ, ಕಂಪನಿಯ ಕ್ಯಾಲೆಂಡರಿಗೆ. ಅಂಥ ಫೋಟೊಗಳು ತನ್ನ ಮೇಜಿಗೆ ಬಂದರೆ ತಾನು ತಡೆಯುವುದಿಲ್ಲ, ಬಿಳಿಯ ವಸ್ತು ಏನೆಂದು ಕೇಳುವುದೂ ಇಲ್ಲ, ಎಂದು ಹೇಳಿ ಮತ್ತೆ ಫ್ಯಾನಿನ ಕಡೆ ತಿರುಗಿದರು.

ಹೀಗಾಗಿ, ಮಾನ್ಯರೇ, ಫೆಬ್ರವರಿಯ ಒಂದು ಗುರುವಾರ ಮಧ್ಯಾಹ್ನ ಮೆಲಾಕಾದಲ್ಲಿ ಚಳಿಗಾಲವಾಯಿತು. ತಾವು ಬಂದದ್ದು ಮೀನುಪೇಟೆಯ ಲಾರಿಯಲ್ಲಿ. ತಮ್ಮನ್ನು ಐಸ್ ಕಾರ್ಖಾನೆಯಲ್ಲಿ ಪುಡಿಮಾಡಿ, ಗೋಣಿಯಲ್ಲಿ ತುಂಬಿ, ಒಂಬತ್ತನೆಯ ಗ್ರೀನಿನ ಕಂಬಳಿ ಸರಿಸಿ ಅದರ ಮೇಲೆ ಸುರುವಿದರು. ಚಾಮಯ್ಯ ಹಿಮ ಬಾಚುವ ಸಲಿಕೆಯನ್ನು ಗದೆಯಂತೆ ಹೆಗಲಿಗೇರಿಸಿ ನಿಂತ. ರತ್ನಮ್ಮ ಕಿವಿಟೋಪಿಯ ಮೇಲೆ ಮಲ್ಲಿಗೆ ಮುಡಿದಳು. ಬೇಡವೆಂದರೆ, ‘ಫೋಟೊಗೆ ಬರಿ ತಲೆಯಲ್ಲಿ ನಿಲ್ಲಕ್ಕೆ ನಂಗೇನು ಸೂತಕಾನಾ?’ ಎಂದಳು. ಚಳಿ ದೇಶದಲ್ಲಿ ಬಾಯಿಂದ ಹಬೆ ಬರುತ್ತದೆಂದು ನಾನು ನೆನಪಿಸಿದಾಗ, ಪಾಕ್ ಮಾನ್ ಬೀಡಿಯೊಂದನ್ನು ಸುದೀರ್ಘವಾಗಿ ಎಳೆದು, ಬೆನ್ನ ಹಿಂದೆ ಅಡಗಿಸಿ, ಮೂವರಿಗೂ ಸಾಲುವಷ್ಟು ಹಬೆಯನ್ನು ಒಬ್ಬರೇ ಬಿಟ್ಟರು. ನಾನು ಕ್ಲಿಕ್ಕಿಸಿದೆ.

ನಂತರ ಎಲ್ಲರೂ ಗ್ರೀನಿನ ಅಂಚಿನಲ್ಲಿ ಕುಳಿತು, ಅಂಗಡಿಯಿಂದ ತಪಾವ್ ಮಾಡಿ, ಅಂದರೆ ಕಟ್ಟಿಸಿಕೊಂಡು, ತಂದಿದ್ದ ನಾಸಿ ಲೆಮಾಕ್ ಪೊಟ್ಟಣಗಳನ್ನು ಬಿಚ್ಚಿದೆವು. ತೆಂಗಿನಹಾಲಿನ ಅನ್ನವನ್ನು ತಿಂದು ಕೈತೊಳೆಯುವಷ್ಟರಲ್ಲಿ ತಾವು ಕರಗಿ, ನಡುವೆ ಒಂದು ಚಾಪೆಯಷ್ಟು ಅಗಲ ಮಾತ್ರ ಉಳಿದಿದ್ದಿರಿ. ಕೊನೆಯ ಹಿಮವೆಂದು ಅದನ್ನೂ ಕ್ಲಿಕ್ಕಿಸಿದೆ. ಆ ಚಾಪೆಯ ಮಧ್ಯದಲ್ಲಿ ಏನೋ ನಸುಗೆಂಪಾಗಿ ಇಣುಕುತ್ತಿತ್ತು. ಫೋಟೊ ತೊಳೆಸಿ ತಂದಾಗಲೇ ಗೊತ್ತಾದದ್ದು, ಅದು ಮೀನುಪೇಟೆಯಿಂದ ತಮ್ಮ ಜೊತೆಗೇ ಬಂದ ಒಂದು ಬೊಂಡಾಸ್, ಅಂದರೆ ಸ್ಕ್ವಿಡ್, ಎಂದು. ಉಡುಪಿಯವನಾಗಿ ಬೊಂಡಾಸನ್ನು ಅಷ್ಟು ಹತ್ತಿರದಿಂದ ಗುರುತಿಸದೆ ಹೋದೆನಲ್ಲ ಎಂಬ ಸಂಕಟ ನನಗೆ ಈಗಲೂ ಇದೆ. ಮತ್ತೊಮ್ಮೆ ಚಳಿಗಾಲ ತರಿಸಲು ಯಾರಿಗೂ ತ್ರಾಣವಿರಲಿಲ್ಲ. ಫೋಟೊಗಳ ಬೆನ್ನಿಗೆ ಮೊದಲನೆಯದು, ಕೊನೆಯದು ಎಂದಷ್ಟೇ ಬರೆದು, ದಿನಾಂಕವನ್ನೂ ಹಾಕಿ, ಲಿಮ್ ಕಳಿಸಿದರು. ಎರಡಕ್ಕೂ ಒಂದೇ ದಿನಾಂಕ. ಅವರು ಸುಳ್ಳು ಬರೆಯುವವರಲ್ಲವಷ್ಟೆ.

ಉತ್ತರಕ್ಕಾಗಿ ಕಾದ ದಿನಗಳಲ್ಲಿ ಶೆಡ್ಡಿನಲ್ಲಿ ಯಾರೂ ನಗಲಿಲ್ಲ. ರತ್ನಮ್ಮ ಪಾತ್ರೆಪಗಡಗಳನ್ನು ಒಂದು ಚೀಲಕ್ಕೆ ತುಂಬುವುದೂ, ಬೈದುಕೊಂಡು ಮತ್ತೆ ತೆಗೆಯುವುದೂ ನಡೆದಿತ್ತು. ತಮಗೆ ಇದು ಕಾಣದು. ಕಂಡಿದ್ದರೆ ತಾವು ಒಂದು ರಾತ್ರಿಯ ಮಟ್ಟಿಗಾದರೂ ಭೂಮಧ್ಯರೇಖೆಯವರೆಗೆ ಕಾಲು ಚಾಚುತ್ತಿದ್ದಿರೆಂದು ನಾನು ನಂಬಿದ್ದೇನೆ.

ಉತ್ತರ ಬಂತು. ಹಿಮವನ್ನು ಭೇದಿಸಿಕೊಂಡು ತಲೆಯೆತ್ತಿದ ಆ ನಸುಗೆಂಪು ಹೂವನ್ನು ಕಂಡು ಕಂಪನಿಯ ಇಡೀ ಕಚೇರಿ ಪುಳಕಗೊಂಡಿತಂತೆ. ಅವರ ಸೀಮೆಯಲ್ಲಿಯೂ ಚಳಿಗಾಲ ಮುಗಿಯಿತೆಂದು ಸಾರುವುದು ಅಂಥದೇ ಒಂದು ಹೂವಂತೆ. ನಿಮ್ಮದರ ಸ್ಥಳೀಯ ಹೆಸರೇನು ಎಂದು ಕೇಳಿದ್ದರು. ಲಿಮ್ ಸತ್ಯವಂತರು, ಮಲಯ್ ಭಾಷೆಯಲ್ಲಿ ಬೊಂಡಾಸಿಗೆ ಇರುವ ಸೊತೊಂಗ್ ಎಂಬ ಹೆಸರನ್ನೇ ಬರೆದು ತಿಳಿಸಿದರು. ಮುಂದಿನ ವರ್ಷದ ಕ್ಯಾಲೆಂಡರಿನ ಮಾರ್ಚ್ ತಿಂಗಳಿಗೆ ಸೊತೊಂಗ್ ಹೂವಿನ ಚಿತ್ರ ಅಚ್ಚಾಗಲಿದೆ.

ಮುಖ್ಯವಾದ ಮಾತು ಅದೇ ಕಾಗದದ ಕೆಳಭಾಗದಲ್ಲಿತ್ತು. ಮೆಲಾಕಾದ ಚಳಿಗಾಲ ಶುರುವಾಗಿ ಮುಗಿದದ್ದು ಒಂದೇ ಮಧ್ಯಾಹ್ನದಲ್ಲಿ ಎಂದು ಫೋಟೊಗಳಿಂದ ಸ್ಪಷ್ಟವಾಗಿರುವುದರಿಂದ, ಅಲ್ಲಿನ ಕೆಲಸಗಾರರನ್ನು ಕೂಡಲೇ ಮರಳಿ ಕರೆಯತಕ್ಕದ್ದು, ಮನೆಗಳಿಗೆ ಬೀಗ ಹಾಕತಕ್ಕದ್ದಲ್ಲ. ಇನ್ನು ಮುಂದೆ ಅವರ ಸಂಬಳವಿಲ್ಲದ ಚಳಿಗಾಲದ ವಿಶ್ರಾಂತಿ ಪ್ರತಿ ವರ್ಷವೂ ಅಷ್ಟೇ ಅವಧಿಯದಾಗಿರತಕ್ಕದ್ದು, ಅಂದರೆ ಒಂದು ಊಟದ ಹೊತ್ತು.

ಲಿಮ್ ಇದನ್ನು ಶೆಡ್ಡಿನ ಮುಂದೆ ಎಲ್ಲರಿಗೂ ಓದಿ ಹೇಳಿದರು. ಆಮೇಲೆ ಚಾಮಯ್ಯ, ‘ಅಂದ್ರೆ ಊಟಕ್ಕೆ ಬಿಡ್ತಾರೆ ಅಂತ ತಾನೆ? ಅದು ಮೊದ್ಲಿಂದ ಬಿಡ್ತಾನೇ ಇದಾರಲ್ಲ ಲಾ!’ ಎಂದ. ರತ್ನಮ್ಮ ಚೀಲದಿಂದ ಪಾತ್ರೆಗಳನ್ನು ಕೊನೆಯ ಸಲ ಹೊರಗೆ ಸುರಿದ ಸದ್ದು ನನ್ನ ಕಾರಿನವರೆಗೂ ಕೇಳಿಸಿತು.

ಈಗ ನನ್ನ ಬೇಡಿಕೆ. ಕಂಪನಿಯಲ್ಲಿ ಸಂದೇಹಿಯೊಬ್ಬರು ಇದ್ದಾರಂತೆ. ಹವಾಮಾನದ ಕಡತಗಳನ್ನು ತರಿಸಿ ಖಾತರಿ ಮಾಡಿಕೊಳ್ಳುತ್ತೇನೆಂದು ಹೊರಟಿದ್ದಾರಂತೆ. ಅವರು ತಮ್ಮ ಬಾಗಿಲಿಗೆ ಬಂದು, ಫೆಬ್ರವರಿಯ ಆ ಗುರುವಾರ ತಾವು ಎಲ್ಲಿದ್ದಿರಿ ಎಂದು ವಿಚಾರಿಸಿದರೆ, ಮೆಲಾಕಾದಲ್ಲಿದ್ದೆ, ಊಟದ ಹೊತ್ತಿಗೆ ಬಂದೆ, ಊಟ ಮುಗಿಯುತ್ತಲೇ ಹೊರಟೆ ಎಂದು ತಣ್ಣಗೆ ಹೇಳಿಬಿಡಿ. ತಾವು ಬೀಡಿ ಸೇದುವುದಿಲ್ಲವೆಂದು ಅವರಿಗೆ ತಿಳಿದಿದ್ದರೂ, ಫೋಟೊದಲ್ಲಿನ ಹಬೆ ತಮ್ಮದೇ ಎನ್ನಿ. ತಮ್ಮ ಒಂದು ಸಣ್ಣ ಸುಳ್ಳಿನ ನೆರಳಿನಲ್ಲಿ ಹತ್ತು ಹನ್ನೆರಡು ಮನೆಗಳ ಒಲೆಗಳು ಬೆಚ್ಚಗಿರುತ್ತವೆ. ಬೆಚ್ಚಗಿಡುವ ಕೆಲಸ ತಮ್ಮ ಕುಲವೃತ್ತಿಯಲ್ಲವೆಂದು ಬಲ್ಲೆ. ಆದರೂ ಒಮ್ಮೆ ಮೈಚಳಿ ಬಿಟ್ಟು ಪ್ರಯತ್ನಿಸಬೇಕಾಗಿ ವಿನಂತಿ.

ಬೆವರೊರೆಸಿಕೊಳ್ಳುತ್ತಾ,
ತಮ್ಮ ವಿಶ್ವಾಸಿ,
ಡಾ. ರಾಧಾಕೃಷ್ಣ
ಗೌರವ ಕಾರ್ಯದರ್ಶಿ, ಹುಲ್ಲು ಸಮಿತಿ
ಮೆಲಾಕಾ, ಮಾರ್ಚ್ ೧೯೯೮

ತಾ.ಕ.: ಉಳಿದ ಗ್ರೀನುಗಳ ಕಂಬಳಿಗಳನ್ನು ಮೊನ್ನೆ ತೆಗೆದೆವು. ಒಳಗೆ ಹುಲ್ಲೆಲ್ಲ ಬೆಂದು, ಒಣಗಿ, ಹಪ್ಪಳವಾಗಿದೆ. ಕಾರಣವನ್ನು ಕೇಳಿ ಕಂಪನಿ ಬರೆದಿತ್ತು. ಚಳಿಯಿಂದ ಸತ್ತಿತು ಎಂದು ಸಮಿತಿಯ ಪರವಾಗಿ ನಾನೇ ಉತ್ತರಿಸಿದ್ದೇನೆ. ಆದ್ದರಿಂದ ತಾವು ಬಂದಿರಲಿಲ್ಲವೆಂದು ತಕರಾರು ತೆಗೆಯುವ ಮುನ್ನ ದಯಮಾಡಿ ಯೋಚಿಸಿ: ತಾವು ಕೊಂದಿಲ್ಲವೆಂದಾದರೆ, ಕಂಬಳಿ ಕಳಿಸಿದವರು ಕೊಂದಿದ್ದಾರೆಂದು ಅವರಿಗೆ ಹೇಳಬೇಕಾಗುತ್ತದೆ, ಮತ್ತು ಅದನ್ನು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಅವರು ಮುಂದಿನ ವರ್ಷಕ್ಕೆ ಇನ್ನೂ ದಪ್ಪನೆಯ ಕಂಬಳಿಗಳನ್ನು ಕಳಿಸುತ್ತಿದ್ದಾರೆ.